ಅಕ್ಕ ಆರಿಸಿಕೊಂಡ ಮುಕ್ತಾಯ

ಆ ಬೀದಿಯ ಜನ ಹೊಸ ಹಿಂದಿ ಸಿನಿಮಾಕ್ಕೆ ಹೋಗುವ ಮೊದಲು ಎರಡು ಕಡೆ ವಿಚಾರಿಸುತ್ತಿದ್ದರು. ಟಿಕೆಟ್ ಇದೆಯೇ ಅಂತ ಚಿತ್ರಮಂದಿರದ ಕೌಂಟರಿನಲ್ಲಿ, ಹೋಗಬೇಕೇ ಬೇಡವೇ ಅಂತ ಕನ್ನಡಕದ ಅಂಗಡಿಯಲ್ಲಿ. ಕನ್ನಡಕದ ಅಂಗಡಿಯವನು ಶುಕ್ರವಾರದ ಮೊದಲ ಆಟ ತಪ್ಪಿಸಿದವನಲ್ಲ. ನೋಡಿ ಬಂದು, ಅದು ಎಷ್ಟು ದಿನ ನಿಲ್ಲುತ್ತದೆ ಅಂತ ಹೇಳಿಬಿಡುತ್ತಿದ್ದ. ಅದೇ ಅವನ ವಿಮರ್ಶೆ. "ಒಂದು ವಾರ" ಅಂದನೆಂದರೆ ಆ ಸಿನಿಮಾದ ಕತೆ ಮುಗಿಯಿತು, ಮುಂದಿನ ಶುಕ್ರವಾರ ಅದರ ಪೋಸ್ಟರಿನ ಮೇಲೆ ಇನ್ನೊಂದು ಪೋಸ್ಟರು. ಹೀಗಾಗಿ ಬೀದಿಯವರು ಅವನಿಗೆ ವಾರದಣ್ಣ ಅಂತಲೇ ಹೆಸರಿಟ್ಟಿದ್ದರು. ಐವತ್ತು ದಾಟಿದ್ದರೂ ಮದುವೆಯ ಗೋಜಿಗೆ ಹೋಗದ ಮನುಷ್ಯ, ಯಾವ ಸಿನಿಮಾಕ್ಕೂ ಎರಡನೇ ವಾರ ಕೊಟ್ಟವನಲ್ಲ.

"ಈಗಿನ ಹಿಂದಿ ಸಿನಿಮಾದವ್ರಿಗೆ ಏನ್ ಬಂದಿದೆ ರೋಗ ಅಂತೀನಿ?" ಗಿರಾಕಿಯ ಮೂಗಿನ ಮೇಲೆ ಕಣ್ಣು ಪರೀಕ್ಷೆಯ ಕಬ್ಬಿಣದ ಚೌಕಟ್ಟು ಕೂರಿಸಿ, ಅದರೊಳಗೆ ಗಾಜು ಬದಲಿಸುತ್ತಾ ಶುರು ಹಚ್ಚುತ್ತಿದ್ದ. "ಪರದೆ ತುಂಬ ಕತ್ತಲೆ, ಕರೆಂಟ್ ಬಿಲ್ ಕಟ್ಟಿಲ್ಲವೇನೋ ಅನ್ನೋ ಹಾಗೆ. ಮಾತಾಡಿದ್ರೆ ಬರೀ ಪಿಸುಪಿಸು. ಏನಂದ್ರಪ್ಪಾ ಅಂತ ಕಿವಿ ಕೊಡೋಷ್ಟರಲ್ಲಿ ಢಮಾರ್ ಅಂತ ಬಾಂಬು. ಹೀರೋ ನೋಡಿದ್ರೆ ಅವನ ಅಪ್ಪನಿಗಿಂತ ದೊಡ್ಡವನ ಹಾಗೆ ಕಾಣ್ತಾನೆ. ಒಂದೇ ಒಂದು ಹಾಡಿರುತ್ತೆ, ಅದೂ ಎಲ್ಲ ಮುಗಿದು ಜನ ಕಾಲಡಿ ಚಪ್ಪಲಿ ತಡಕಾಡೋವಾಗ ಬರುತ್ತೆ. ಇದು ಚೆನ್ನಾಗಿ ಕಾಣುತ್ತಾ, ಅದಾ?"

"ಯಾವ ಸಿನಿಮಾ?"

"ಸಿನಿಮಾ ಅಲ್ಲ ಮಾರಾಯ, ಗಾಜು. ಮೊದಲನೆಯದಾ, ಎರಡನೆಯದಾ?"

ದಿನವಿಡೀ ಇದೇ ಪ್ರಶ್ನೆ ಕೇಳುವುದು ಅವನ ಕಸುಬು. ಗಿರಾಕಿ ಹೇಳಿದ್ದನ್ನು ಒಪ್ಪಿ "ಸರಿ" ಅಂದಮೇಲೆ ಆ ಗಾಜೇ ಗಟ್ಟಿ, ಆಮೇಲೆ ಬದಲಾವಣೆ ಇಲ್ಲ.

ಬೀದಿಯವರಿಗೆ ಸಿಗುತ್ತಿದ್ದದ್ದು ಬರೀ ಅಭಿಪ್ರಾಯ. ಕತೆ ಇದ್ದದ್ದು ಅಕ್ಕನಿಗೆ. ಅಂಗಡಿಯ ಹಿಂದೆಯೇ ಮನೆ, ಅಲ್ಲಿ ಕಿಟಕಿಯ ಪಕ್ಕ ಒಂದು ಹಳೇ ಬೆತ್ತದ ಕುರ್ಚಿ, ಅದರಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕಂದು ಶಾಲು ಹೊದ್ದು ಕೂತ ಅಕ್ಕ. ಕೂತರೂ ಎದ್ದರೂ ಆ ಕುರ್ಚಿ ಕಿರ್ರೆನ್ನುತ್ತಿತ್ತು. "ನನಗಿಂತ ಇದರ ಗೊಣಗಾಟವೇ ಜಾಸ್ತಿ" ಅನ್ನುತ್ತಿದ್ದಳು. ಅವಳ ಕಣ್ಣಿನ ನರ ಒಣಗಿ ಎಷ್ಟೋ ವರ್ಷ ಆಗಿತ್ತು. ಊರಿಗೆಲ್ಲ ಕನ್ನಡಕ ಹಾಕಿದವನು ಸ್ವಂತ ಅಕ್ಕನಿಗೆ ಕೊಡಲು ಸಾಧ್ಯವಾದದ್ದು ಕಪ್ಪು ಗಾಜು ಮಾತ್ರ. ಶಾಲಿನ ತುದಿ ಹರಿದಾಗ ಅಕ್ಕ ತಡಕಾಡಿ ತಾನೇ ಹೊಲಿದುಕೊಂಡಿದ್ದಳು, ಕಂದು ದಾರ ಅಂದುಕೊಂಡು ನೀಲಿಯಲ್ಲಿ. ಅವನು ಅದನ್ನು ಅವಳಿಗೆ ಹೇಳಿರಲೇ ಇಲ್ಲ.

ಅವನನ್ನು ಸಾಕಿದ್ದು ಅಕ್ಕನೇ. ಅಕ್ಕ ಹಿಂದಿ ಕಲಿತದ್ದು ಚಿತ್ರಮಂದಿರದಲ್ಲಿ, ಅವನು ಕಲಿತದ್ದು ಅಕ್ಕನ ಪಕ್ಕದ ಸೀಟಿನಲ್ಲಿ. ಚಿಕ್ಕವನಿದ್ದಾಗ ಇಂಟರ್ವಲ್ ಕಳೆದ ಮೇಲೆ ಅವನಿಗೆ ನಿದ್ದೆ ಗ್ಯಾರಂಟಿ. ಅಕ್ಕ ಹೆಗಲ ಮೇಲೆ ಹೊತ್ತುಕೊಂಡು ಬರುತ್ತಾ ಕೊನೆಯ ಭಾಗ ಹೇಳುತ್ತಿದ್ದಳು, ಅದೂ ಎರಡು ಥರ. ಒಂದರಲ್ಲಿ ಹೀರೋನ ಅಮ್ಮ ಸತ್ತಿರುತ್ತಿದ್ದಳು, ಇನ್ನೊಂದರಲ್ಲಿ ಬದುಕಿರುತ್ತಿದ್ದಳು. "ಯಾವುದು ನಿಜ ಹೇಳು ನೋಡೋಣ ಮರಿ? ಮೊದಲನೆಯದಾ, ಎರಡನೆಯದಾ?" ಅವನು ಯಾರೂ ಸಾಯದ್ದನ್ನೇ ಹೇಳುತ್ತಿದ್ದ. "ಸರಿಯಾಗಿ ಹೇಳಿದೆ!" ಅನ್ನುತ್ತಿದ್ದಳು ಅಕ್ಕ. ದೊಡ್ಡವನಾದ ಮೇಲೆ ಆ ಸಿನಿಮಾಗಳನ್ನು ಟೀವಿಯಲ್ಲಿ ನೋಡಿದ. ಒಬ್ಬ ಅಮ್ಮನೂ ಉಳಿದಿರಲಿಲ್ಲ. ಅಕ್ಕ ಒಮ್ಮೆಯೂ "ತಪ್ಪು" ಅಂದಿರಲಿಲ್ಲ.

ಅಕ್ಕನ ಕಣ್ಣು ಹೋದಮೇಲೆ ಆ ಪದ್ಧತಿ ತಿರುಗಿತು. ಈಗ ಅವನು ಎರಡು ಮುಕ್ತಾಯ ಹೇಳುವುದು, ಅವಳು ಆರಿಸುವುದು. ಅವಳೂ ಯಾರೂ ಸಾಯದ್ದನ್ನೇ ಆರಿಸುತ್ತಿದ್ದಳು. ಅವನೂ ಒಮ್ಮೆಯೂ "ತಪ್ಪು" ಅಂದವನಲ್ಲ.

ಎಡವಟ್ಟು ಶುರುವಾದದ್ದು ಒಂದು ಗೂಢಚಾರರ ಸಿನಿಮಾದಿಂದ. ಹೀರೋ ಲೋಕವನ್ನೆಲ್ಲ ಉಳಿಸುತ್ತಾನೆ, ಆದರೆ ಅವನ ಅಪ್ಪ ಸೇತುವೆಯ ಮೇಲೆ ಗುಂಡು ತಗಲಿ ನದಿಗೆ ಬೀಳುತ್ತಾನೆ. ವಾರದಣ್ಣ ಅಕ್ಕನಿಗೆ ಅದನ್ನೂ ಹೇಳಿದ, ಅಪ್ಪ ತೋಳಿಗೆ ಬ್ಯಾಂಡೇಜು ಕಟ್ಟಿಕೊಂಡು ರೈಲಿನಿಂದ ಇಳಿದು ಬರುವ ತನ್ನದೊಂದು ಮುಕ್ತಾಯವನ್ನೂ ಹೇಳಿದ. "ಎರಡನೆಯದು" ಅಂದಳು ಅಕ್ಕ. "ಸರಿಯಾಗಿ ಹೇಳಿದೆ" ಅಂದ ಇವನು, ಊಟಕ್ಕೆ ಎದ್ದ.

ಭಾನುವಾರ ಎದುರಿನ ಔಷಧಿ ಅಂಗಡಿಯಾಕೆ ಕನ್ನಡಕದ ಕಾಲು ಸಡಿಲಾಗಿದೆ ಅಂತ ಬಂದಳು. "ನೀವು ಒಂದು ವಾರ ಅಂದ್ರಿ ವಾರದಣ್ಣ, ಆದ್ರೂ ನನಗೆ ಅಳು ಬಂತು ನೋಡಿ. ಅಪ್ಪ ರೈಲಿನಿಂದ ಇಳಿದು ಬರ್ತಾನಲ್ಲ, ತೋಳಿಗೆ ಬ್ಯಾಂಡೇಜು..."

ಸ್ಕ್ರೂಡ್ರೈವರ್ ಅವನ ಕೈಯಲ್ಲೇ ನಿಂತಿತು. "ಅಪ್ಪ ಸೇತುವೆ ಮೇಲೆ ಸಾಯ್ತಾನಲ್ಲಮ್ಮ?"

"ನೀವೂ ಸರಿ. ನಿದ್ದೆ ಮಾಡಿ ಬಂದು ನಮಗೆ ವಿಮರ್ಶೆ ಹೇಳ್ತೀರೇನು?" ಅಂತ ಅವಳು ನಕ್ಕಳು.

ಸಿನಿಮಾದ ವಿಷಯದಲ್ಲಿ ಇಂಥ ಮಾತು ಕೇಳಿಸಿಕೊಂಡು ಸುಮ್ಮನಿರುವ ಆಸಾಮಿಯಲ್ಲ ಅವನು. ಸೋಮವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಹೋಗಿ ಮತ್ತೆ ನೋಡಿದ. ಸೇತುವೆ ಬಂತು, ಗುಂಡು ಹಾರಿತು, ಅಪ್ಪ ನದಿಗೆ ಬೀಳಲಿಲ್ಲ. ರೈಲು ಬಂದು ನಿಂತಿತು, ತೋಳಿಗೆ ಬ್ಯಾಂಡೇಜು ಕಟ್ಟಿಕೊಂಡ ಮುದುಕ ಇಳಿದ, ಸಭಾಂಗಣದಲ್ಲಿ ಮೂಗು ಸೀಟುವ ಸದ್ದು. ವಾರದಣ್ಣ ಕಣ್ಣುಜ್ಜಿಕೊಂಡ. ಬ್ಯಾಂಡೇಜಿನ ಮೇಲೆ ಇಂಕಿನ ಕಲೆ ಇತ್ತು. ಅಕ್ಕನಿಗೆ ಹೇಳುವಾಗ ರುಚಿಗೆ ಅಂತ ಆ ಕಲೆಯನ್ನು ಸೇರಿಸಿದವನು ಅವನೇ.

ಆಮೇಲೆ ನೋಡಿದ. ಪ್ಲಾಟ್‌ಫಾರ್ಮಿನ ಜನಜಂಗುಳಿಯ ಹಿಂದೆ, ಮಸುಕಾಗಿ, ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಕಂದು ಶಾಲು, ತುದಿಯಲ್ಲಿ ನೀಲಿ ಹೊಲಿಗೆ. ಅವನು ಸೀಟಿನಿಂದ ಎದ್ದ. ಮನೆಗೆ ಬಂದರೆ ಅಕ್ಕ ಕುರ್ಚಿಯಲ್ಲೇ ಇದ್ದಳು. "ಯಾಕೋ ಮರಿ, ಓಡಿ ಬಂದ ಹಾಗಿದೆ?" ಅಂದಳು. ನನಗೂ ವಯಸ್ಸಾಯಿತು, ಇನ್ನೇನು ನನ್ನ ಕಣ್ಣನ್ನೇ ಪರೀಕ್ಷೆ ಮಾಡಿಕೊಳ್ಳಬೇಕು ಅಂದುಕೊಂಡು ಕೈಕಾಲು ತೊಳೆದ.

ಮುಂದಿನ ಶುಕ್ರವಾರದ್ದು ದೆವ್ವದ ಸಿನಿಮಾ. ದೆವ್ವದ ಸಿನಿಮಾ ಅನ್ನುವುದೂ ತಪ್ಪು, ಈಗ ಅವರು ಹೆದರಿಸುವುದನ್ನೂ ನಗಿಸುವುದನ್ನೂ ಒಂದೇ ಪಾತ್ರೆಗೆ ಸುರಿದು ಎರಡನ್ನೂ ಕೆಡಿಸುತ್ತಾರೆ. ಹಳೇ ಬಂಗಲೆ, ಬಾವಿ, ಬಾವಿಯಲ್ಲಿ ದೆವ್ವ. ಕೊನೆಗೆ ಒಳ್ಳೆಯ ಅಡುಗೆಯಾಕೆ ಬಾವಿಗೆ ಬಿದ್ದು ಸಾಯುತ್ತಾಳೆ, ಎರಡನೇ ಭಾಗಕ್ಕೆ ಕಾಯಿರಿ ಅಂತ ಬರುತ್ತದೆ. "ಮೊದಲನೇ ಭಾಗವೇ ಬೇಡವಾಗಿತ್ತು" ಅಂತ ಹೊರಗೆ ಬಂದ ಕೂಡಲೇ ಕೌಂಟರಿನಾಕೆಗೆ ಹೇಳಿದ. ಅವಳು ಯಾವಾಗಿನಂತೆ ಕೇಳಿದಳು, "ಎಷ್ಟು ವಾರ ಸರ್?" "ಒಂದು ವಾರ."

ಮನೆಯಲ್ಲಿ, ಪರೀಕ್ಷೆ ಮಾಡಿಯೇ ಬಿಡೋಣ ಅಂತ, ಅಡುಗೆಯಾಕೆ ಹಗ್ಗ ಹಿಡಿದು ಮೇಲೆ ಬರುವ ಮುಕ್ತಾಯವೊಂದನ್ನು ಹೇಳಿದ. ಅಕ್ಕ ಅದನ್ನೇ ಆರಿಸಿದಳು. "ಸರಿಯಾಗಿ ಹೇಳಿದೆ" ಅಂದು, ಚಪ್ಪಲಿ ಮೆಟ್ಟಿ ನೇರ ಮಧ್ಯಾಹ್ನದ ಆಟಕ್ಕೆ ಹೋದ. ಅಡುಗೆಯಾಕೆ ಹಗ್ಗ ಹಿಡಿದು ಮೇಲೆ ಬಂದಳು. ಬಂಗಲೆಯ ಜಗುಲಿಯಲ್ಲಿ, ಈ ಸಲ ಮಸುಕಾಗಿ ಅಲ್ಲ, ಸ್ಪಷ್ಟವಾಗಿ, ಅಕ್ಕ ಕೂತು ಬಟಾಣಿ ಬಿಡಿಸುತ್ತಿದ್ದಳು. ಕಪ್ಪು ಕನ್ನಡಕ ಇರಲಿಲ್ಲ. ಅಂಗಳದಲ್ಲಿ ಒಂದು ಗುಬ್ಬಿ ಕುಪ್ಪಳಿಸಿತು, ಅವಳ ಕಣ್ಣು ಅದರ ಹಿಂದೆಯೇ ಹೋಯಿತು.

ಅವನು ಏದುಸಿರು ಬಿಡುತ್ತಾ ಮನೆಗೆ ಬಂದ. ಅಕ್ಕ ಕುರ್ಚಿಯಿಂದ ಎದ್ದಳು. ಕುರ್ಚಿ ಕಿರ್ರೆನ್ನಲಿಲ್ಲ. ಅವಳ ಮಡಿಲಿನಿಂದ ನೆಲಕ್ಕೆ ಏನೋ ಉದುರಿತು, ಹಸಿರು ಬಟಾಣಿಯ ಸಿಪ್ಪೆ. ಆ ವಾರ ಮನೆಗೆ ಬಟಾಣಿ ತಂದಿರಲಿಲ್ಲ.

"ಅಕ್ಕ," ಅಂದ ಅವನು ಸಿಪ್ಪೆ ಹೆಕ್ಕುತ್ತಾ, "ನಿನಗೆ ಅಲ್ಲಿ... ಕಾಣುತ್ತಾ?"

ಅಕ್ಕ ಸಿಕ್ಕಿಬಿದ್ದ ಹುಡುಗಿಯ ಹಾಗೆ ನಕ್ಕಳು. "ನೀನು ಸರಿ ಅಂದ ತಕ್ಷಣ ಬೆಳಕು ಬರುತ್ತೆ ಕಣೋ. ಮೊದಲು ಕನಸು ಅಂದ್ಕೊಂಡೆ. ಗುಬ್ಬಿ ಇತ್ತು ಅಲ್ವಾ? ಗುಬ್ಬಿ ನೋಡಿ ಎಷ್ಟು ಕಾಲ ಆಯ್ತು." ಮತ್ತೆ ಶಾಲಿನ ತುದಿ ಹಿಡಿದು, "ಇದು ನೀಲಿ ದಾರ ಅಂತ ಯಾಕೋ ಹೇಳಲಿಲ್ಲ ನನಗೆ, ಕಳ್ಳ?" ಅಂದಳು.

ಅವನು ಹತ್ತಿರ ಬಂದ. ಅಕ್ಕನ ಕೈ ಹಿಡಿದ. ಕೈ ಬೆಚ್ಚಗೇ ಇತ್ತು, ಆದರೆ ಹಿಡಿದ ಹಾಗೇ ಇರಲಿಲ್ಲ, ಅಷ್ಟು ಹಗುರ. ಸಿನಿಮಾದಲ್ಲಿ ಒಬ್ಬರನ್ನು ಉಳಿಸಿದಾಗಲೆಲ್ಲ ಅಕ್ಕ ಸ್ವಲ್ಪ ಸ್ವಲ್ಪವೇ ಆ ಕಡೆಗೆ ಹೋಗುತ್ತಿದ್ದಾಳೆ ಅನ್ನುವುದು ಅವನಿಗೆ ಅಲ್ಲೇ ಹೊಳೆಯಿತು.

ಅದಾದ ಮೇಲೆ ಅವನು ಚಿತ್ರಮಂದಿರದ ಕಡೆ ತಲೆ ಹಾಕಲಿಲ್ಲ. ಗಿರಾಕಿಗಳು ಕೇಳಿದರೆ "ನೋಡೋ ಅಂಥದ್ದೇನಿದೆ? ಹಳೇ ಹಾಡಿಗೆ ಹೊಸ ಡೋಲು ಬಡಿದಿದ್ದಾರೆ" ಅಂತ ನೋಡದೆಯೇ ಬಯ್ದು ಕಳಿಸುತ್ತಿದ್ದ. ಆದರೆ ಮನೆಯಲ್ಲಿ ಅಕ್ಕ ಬಾಡಿದಳು. ತಟ್ಟೆಯಲ್ಲಿ ಅನ್ನ ಹಾಗೇ ಇರುತ್ತಿತ್ತು. ಡಾಕ್ಟರು ನಾಡಿ ಹಿಡಿದು, ಎದೆಗೆ ಕೊಳವೆ ಒತ್ತಿ, ಏನೂ ಇಲ್ಲ, ವಯಸ್ಸು ಅಂದರು. ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಮುಳ್ಳು ಅಲ್ಲಾಡಲಿಲ್ಲ. ಡಾಕ್ಟರು ಯಂತ್ರಕ್ಕೆ ಎರಡು ಏಟು ಕೊಟ್ಟು, ಕೆಟ್ಟಿದೆ ಅಂದರು.

"ಈ ಶುಕ್ರವಾರ ಹೋಗಿ ಬಾ ಮರಿ" ಅಂದಳು ಅಕ್ಕ. "ಕತೆ ಇಲ್ಲದೆ ಹೊತ್ತೇ ಹೋಗ್ತಿಲ್ಲ." ಅಕ್ಕ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಅವನು ಹೋದ.

ಅದೊಂದು ಸಂಸಾರದ ಸಿನಿಮಾ. ಎತ್ತರದ ಕಟ್ಟಡದಲ್ಲಿ ಬಿಳೀ ಗೋಡೆಯ ಮನೆ, ಒಂದೇ ಒಂದು ಕಲೆ ಇಲ್ಲದ ಒಲೆ, ನಾಲ್ಕು ಜನ ನಾಲ್ಕು ಮೂಲೆಯಲ್ಲಿ ನಿಂತು ಗೋಡೆಗೆ ಹೇಳಿದ ಹಾಗೆ ಮಾತಾಡುತ್ತಾರೆ. ಇದು ಗುರುವಾರದವರೆಗೂ ನಿಂತರೆ ದೊಡ್ಡದು ಅಂದುಕೊಳ್ಳುತ್ತಿದ್ದ. ಇಂಟರ್ವಲ್ ಆದಮೇಲೆ ಕಿಟಕಿಯ ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಆ ಮನೆಯ ಮುದುಕಿ ಅತ್ತೆ ಅಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು. ಅವಳ ಮುಖ ಅಕ್ಕನ ಮುಖ.

ಇವನು ಇನ್ನೂ ಕತೆ ಹೇಳಿರಲಿಲ್ಲ, ಅಕ್ಕ ಏನನ್ನೂ ಆರಿಸಿರಲಿಲ್ಲ. ಆದರೂ ಅವಳಾಗಲೇ ಅಲ್ಲಿದ್ದಳು. ಕೊನೆಯ ದೃಶ್ಯದಲ್ಲಿ ಮನೆಯವರೆಲ್ಲ ಜಗಳ ಮುಗಿಸಿ ಕೋಣೆಗೆ ಬರುವ ಹೊತ್ತಿಗೆ ಅತ್ತೆಯ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಶಾಲು ಜಾರಿ ನೆಲಕ್ಕೆ ಬಿತ್ತು. ವಾರದಣ್ಣ ಕೊನೆಯ ಹಾಡಿಗೆ ಕಾಯದೆ ಎದ್ದ.

ಹೊರಗೆ ಕೌಂಟರಿನಾಕೆ ಕೇಳಿದಳು, "ಎಷ್ಟು ವಾರ ಸರ್?"

ಬಾಯಿಯ ಅಭ್ಯಾಸ ಯಾರ ಅಪ್ಪಣೆಗೂ ಕಾಯುವುದಿಲ್ಲ. "ಒಂದು ವಾರ" ಅಂದುಬಿಟ್ಟ.

ಅಕ್ಕನಿಗೆ ಹೇಳುವುದೇ ಬೇಡ ಅಂದುಕೊಂಡಿದ್ದ. ಅವಳು ಬಿಡಲಿಲ್ಲ. ಎರಡೂ ಹೇಳಿದ. ಮೊದಲನೆಯದರಲ್ಲಿ ಅತ್ತೆ ಕುರ್ಚಿಯಲ್ಲೇ ತೀರಿಕೊಳ್ಳುತ್ತಾಳೆ. ಎರಡನೆಯದರಲ್ಲಿ ಕಿಟಕಿ ತೆರೆದು ಹೊರಗಿನ ಬೆಳಕು ನೋಡುತ್ತಾ ಕೂತಿರುತ್ತಾಳೆ. ಅಕ್ಕ ಶಾಲಿನ ತುದಿಯನ್ನು ಬೆರಳಲ್ಲಿ ಸವರಿದಳು.

"ಎರಡನೆಯದು" ಅಂದಳು.

ಅವನು ಎದ್ದು ನಿಂತ. ಸರಿ ಅಂದರೆ ಅಕ್ಕ ಪೂರ್ತಿ ಆ ಕಡೆ ಹೋಗುತ್ತಾಳೆ. ತಪ್ಪು ಅಂದರೆ ಕುರ್ಚಿಯಲ್ಲಿ ತಲೆ ವಾಲಿದ ಆ ಮುಖವೇ ನಿಜವಾಗುತ್ತದೆ. ಎರಡೂ ಬೇಡ ಅಂತ ಬಾಯಿಗೆ ಬೀಗ ಹಾಕಿಕೊಂಡು ಅಂಗಡಿಗೆ ಹೋಗಿ ಕೂತ. ಆ ವಾರ ಗಿರಾಕಿಗಳಿಗೆ "ಮೊದಲನೆಯದಾ, ಎರಡನೆಯದಾ" ಅಂತ ಕೇಳಲೂ ಅವನಿಗೆ ನಾಲಿಗೆ ಹೊರಳಲಿಲ್ಲ. ಔಷಧಿ ಅಂಗಡಿಯಾಕೆ ಬಂದು, "ಆ ಮುದುಕಿ ಸಾಯೋದು ನೋಡೋಕಾಗಲ್ಲ ವಾರದಣ್ಣ, ನಿಜವಾಗ್ಲೂ ಉಸಿರಾಡೋದನ್ನೇ ನಿಲ್ಲಿಸಿದ್ಲೇನೋ ಅನ್ಸುತ್ತೆ" ಅಂದಾಗ, ಅಂಗಡಿ ನೋಡಿಕೊಳ್ಳಿ ಅಂತ ಅವಳಿಗೇ ಹೇಳಿ ಒಳಗೆ ಓಡಿದ. ಅಕ್ಕ ಕುರ್ಚಿಯಲ್ಲಿದ್ದಳು, ತಲೆ ಒಂದು ಪಕ್ಕಕ್ಕೆ ವಾಲಿತ್ತು. ಅವನು ಭುಜ ಅಲ್ಲಾಡಿಸಿದ ಮೇಲೆ ಉಸಿರು ಎಳೆದುಕೊಂಡಳು.

"ದಿನಾ ನಾಲ್ಕು ಆಟ ಕಣೋ" ಅಂದಳು ಸುಸ್ತಾಗಿ. "ನಾಲ್ಕು ಸಲವೂ ಸಾಯ್ತೀನಿ. ನೀನು ಏನೂ ಹೇಳದೆ ಬಿಟ್ಟಿದ್ದೀಯ, ಅದಕ್ಕೆ."

ಅವನು ಅವಳ ಮಡಿಲಲ್ಲಿ ಮುಖ ಇಟ್ಟು ಅತ್ತ. ಐವತ್ತು ದಾಟಿದವನು, ಚಿಕ್ಕ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅಕ್ಕ ತಲೆ ಸವರಿದಳು. ಕೈ ಸವರಿದ್ದು ಗೊತ್ತಾಯಿತು, ಭಾರ ಗೊತ್ತಾಗಲಿಲ್ಲ.

"ನಾಳೆ ಗುರುವಾರ. ನೀನು ಒಂದು ವಾರ ಅಂದಿದ್ದೀಯ, ಅಂದಮೇಲೆ ನಾಳೆ ತೆಗೀತಾರೆ. ನನ್ನನ್ನ ಕರ್ಕೊಂಡು ಹೋಗು" ಅಂದಳು. "ಪಕ್ಕದಲ್ಲಿ ಕೂತು ನೋಡಿ ಎಷ್ಟು ಕಾಲ ಆಯ್ತು."

ಗುರುವಾರ ರಾತ್ರಿ ಕೊನೆಯ ಆಟಕ್ಕೆ ಇಬ್ಬರೂ ಹೋದರು. ಮೆಟ್ಟಿಲಲ್ಲಿ ಅವನು ಅವಳನ್ನು ಎತ್ತಿಕೊಂಡ. ಒಂದು ಕಾಲಕ್ಕೆ ಇದೇ ಥರ ಅವಳ ಹೆಗಲ ಮೇಲೆ ತಾನು ಹೋಗುತ್ತಿದ್ದೆ ಅನ್ನುವುದು ಅವನಿಗೆ ನೆನಪಾಯಿತು. ಮಡಿಸಿಕೊಳ್ಳುವ ಸೀಟನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಅವಳನ್ನು ಕೂರಿಸಿದ. ಕೈ ಬಿಟ್ಟರೆ ಸೀಟು ಅವಳ ಸಮೇತ ಮೇಲೇಳುತ್ತದೇನೋ ಅನ್ನುವ ಭಯಕ್ಕೆ ಕೈ ಹಾಗೇ ಇಟ್ಟುಕೊಂಡ. ಸಭಾಂಗಣದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಬಿಟ್ಟರೆ ಜನವೇ ಇರಲಿಲ್ಲ.

ಅಕ್ಕ ಸಿನಿಮಾ ಉದ್ದಕ್ಕೂ ಪಿಸುಗುಟ್ಟಿದಳು. "ಇವರು ಯಾಕೋ ಹೀಗೆ ಗೋಡೆ ಜೊತೆ ಮಾತಾಡ್ತಾರೆ?" "ಹಾಡೇ ಇಲ್ವಲ್ಲೋ?" "ನೀನು ಬಯ್ಯೋದರಲ್ಲಿ ತಪ್ಪಿಲ್ಲ ಬಿಡು." ಅವನಿಗೆ ಆ ಸ್ಥಿತಿಯಲ್ಲೂ ನಗು ಬಂತು. ಈ ಸುಡುಗಾಡು ಸಿನಿಮಾ ಮುಗಿಯದೆ ಹೀಗೇ ನಡೆಯುತ್ತಿರಲಿ ಅಂತ ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಕೋಣೆಯ ಬಾಗಿಲು ತೆರೆಯಿತು. ಪರದೆಯ ಮೇಲೆ ಬೆತ್ತದ ಕುರ್ಚಿ, ಶಾಲು, ಆ ಮುಖ. ಜಗಳ ಮುಗಿಯಿತು. ಮನೆಯವರು ಕೋಣೆಯ ಕಡೆ ಬರತೊಡಗಿದರು.

"ಮರಿ" ಅಂದಳು ಅಕ್ಕ ಪಕ್ಕದಲ್ಲಿ. ಅವಳ ದನಿ ಬಹಳ ದೂರದಿಂದ ಬಂದಂತಿತ್ತು. "ನಾನು ಹೇಳಿ ಆಯ್ತು. ಸರಿಯಾ ತಪ್ಪಾ, ನೀನು ಹೇಳಲೇ ಇಲ್ಲ."

ಪರದೆಯ ಮೇಲೆ ಅತ್ತೆಯ ತಲೆ ಮೆಲ್ಲಗೆ ವಾಲತೊಡಗಿತು. ಅಕ್ಕ ಕಪ್ಪು ಕನ್ನಡಕ ತೆಗೆದು ಹಿಡಿದಿದ್ದಳು, ಅವನು ಸೀಟಿನಿಂದ ಕೈ ತೆಗೆದು ಅವಳ ಆ ಕೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ. ಹೆಗಲ ಮೇಲೆ ಹೊತ್ತು, ಸತ್ತ ಅಮ್ಮಂದಿರನ್ನೆಲ್ಲ ಅವನಿಗಾಗಿ ಬದುಕಿಸಿದವಳು ಅವಳು.

"ಸರಿಯಾಗಿ ಹೇಳಿದೆ ಅಕ್ಕ" ಅಂದ. "ಎರಡನೆಯದೇ."

ಟಪ್ ಅಂತ ಪಕ್ಕದ ಸೀಟು ಮಡಿಸಿಕೊಂಡಿತು.

ಅವನ ಮುಷ್ಟಿಯಲ್ಲಿ ಕಪ್ಪು ಕನ್ನಡಕ ಮಾತ್ರ ಉಳಿದಿತ್ತು. ಪರದೆಯ ಮೇಲೆ ಅತ್ತೆ ತಲೆಯೆತ್ತಿದಳು, ಕೈಚಾಚಿ ಕಿಟಕಿ ತೆರೆದಳು. ಬೆಳಕು ಒಳಗೆ ಬಿತ್ತು. ಅವಳು ಹಿಂದಕ್ಕೆ ಒರಗಿದಾಗ ಕುರ್ಚಿ ಕಿರ್ರೆಂದ ಸದ್ದು ಸಭಾಂಗಣದ ಎಲ್ಲ ಸ್ಪೀಕರುಗಳಲ್ಲೂ ತುಂಬಿತು. ಅವಳು ಹೊರಗೆ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಮುಖ ಈ ಕಡೆ ತಿರುಗಿಸಿ, ಸಾಲು ಸಾಲು ಖಾಲಿ ಸೀಟುಗಳ ನಡುವೆ ಹುಡುಕಿ, ತಮ್ಮನನ್ನು ಕಂಡಳು. ಅವನ ಕೂದಲು ಇಷ್ಟು ಬೆಳ್ಳಗಾದದ್ದನ್ನು ಅವಳು ನೋಡಿದ್ದು ಅದೇ ಮೊದಲು. ಶಾಲಿನ ನೀಲಿ ತುದಿಯಿಂದ ಕಣ್ಣೊರೆಸಿಕೊಂಡು ನಕ್ಕಳು. ಅಷ್ಟಕ್ಕೆ ಪರದೆ ಕಪ್ಪಾಗಿ, ಹೆಸರುಗಳು ಮೇಲೆ ಹೋಗತೊಡಗಿದವು, ಹಾಡು ಶುರುವಾಯಿತು.

ಅವನು ಹಾಡು ಮುಗಿಯುವವರೆಗೂ ಕೂತಿದ್ದ. ಕಸ ಗುಡಿಸುವವರು ಬಂದು ಏಳಿಸಿದರು.

ಹೊರಗೆ ಏಣಿ ಹಾಕಿಕೊಂಡು ಇಬ್ಬರು ಪೋಸ್ಟರು ಕೀಳುತ್ತಿದ್ದರು. ಮರುದಿನದ್ದು ಕೆಳಗೆ ಸುರುಳಿ ಸುತ್ತಿ ಬಿದ್ದಿತ್ತು. ಅವನು ಕೌಂಟರಿಗೆ ಹೋಗಿ ಸರಳಿನ ಸಂದಿಗೆ ಬಾಯಿ ಇಟ್ಟು ಕೇಳಿದ, "ಇದನ್ನ ಇನ್ನೊಂದು ವಾರ ಇಡೋಕಾಗಲ್ವೇನಮ್ಮ? ದಿನಕ್ಕೆ ಒಂದೇ ಆಟ ಆದ್ರೂ ಸಾಕು. ಜನರನ್ನ ನಾನು ಕರ್ಕೊಂಡು ಬರ್ತೀನಿ. ಬೀದಿಗೆ ಬೀದಿಯನ್ನೇ ಕರ್ಕೊಂಡು ಬರ್ತೀನಿ."

ಕೌಂಟರಿನಾಕೆ ಟಿಕೆಟ್ ಕಂತೆ ಎತ್ತಿಡುತ್ತಾ ನಕ್ಕಳು. "ತಮಾಷೆ ಮಾಡ್ತೀರಾ ಸರ್? ನೀವೇ ಒಂದು ವಾರ ಅಂದಿದ್ರಿ. ಸರಿಯಾಗೇ ಹೇಳಿದ್ರಿ."

ಅವನು ಕಪ್ಪು ಕನ್ನಡಕವನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದ.

"ಇಲ್ಲಮ್ಮ" ಅಂದ. "ತಪ್ಪು. ತಪ್ಪು ಹೇಳಿದ್ದೆ."